ಗುಲಾಬಿಯ ಮುಳ್ಳು ತೆಗೆಯುವ ಕ್ರಮ: ಕೈಗೂ ಗಾಯವಾಗಬಾರದು, ಹೂವಿಗೂ ಆಗಬಾರದು

ಗುಲಾಬಿಯ ಮುಳ್ಳು ತೆಗೆಯಲು ಕೂರುವ ಮೊದಲು ಯಾವ ಮುಳ್ಳನ್ನು ಮುಟ್ಟಬಾರದು ಎಂಬುದನ್ನು ತೀರ್ಮಾನಿಸಿಕೊಳ್ಳಿ. ಬುಡದಿಂದ ತುದಿಯವರೆಗೆ ಒಂದನ್ನೂ ಬಿಡದೆ ಚಾಕುವಿನಿಂದ ಕೆರೆದು, ದಂಟನ್ನು ನುಣ್ಣಗೆ ಮಾಡಿ ಹೂದಾನಿಗೆ ಇಟ್ಟರೆ ಮೊದಲ ದಿನ ಬಲು ಚಂದ. ಎರಡು ದಿನ ಕಳೆಯುವಷ್ಟರಲ್ಲಿ ಹೂವು ಕತ್ತು ಬಗ್ಗಿಸುತ್ತದೆ. ಆಗ ನಾವು ಹೂವು ಮಾರಿದವರನ್ನು ಬೈಯುತ್ತೇವೆ, ನಲ್ಲಿಯ ನೀರನ್ನು ಬೈಯುತ್ತೇವೆ. ಮುಳ್ಳಿನ ಜೊತೆಗೆ ತೊಗಟೆಯನ್ನೂ ಸುಲಿದು ಹಾಕಿದ್ದು ಯಾರಿಗೂ ನೆನಪಿರುವುದಿಲ್ಲ.

ಕೊಡಗಿನಲ್ಲಿ ಗುಲಾಬಿ ಇಲ್ಲದ ಅಂಗಳ ಕಡಿಮೆ. ತೋಟದ ಬಂಗಲೆಯ ಮುಂದೆ ಸಾಲಾಗಿ ನೆಟ್ಟದ್ದಿರಬಹುದು, ತೋಟದ ಕೆಲಸಗಾರರ ಲೈನ್‌ಮನೆಯ ಬಾಗಿಲಲ್ಲಿ ಹಳೆಯ ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ ಊರಿದ್ದಿರಬಹುದು. ಮಳೆ ನಿಂತ ಮೇಲೆ ಬರುವ ಹೂವಿನ ಮೆರುಗೇ ಬೇರೆ. ಅದೇ ಹೊತ್ತಿಗೆ ಮದುವೆಗಳು, ಹೋಂಸ್ಟೇಗಳಿಗೆ ಬರುವ ಅತಿಥಿಗಳು, ಮಡಿಕೇರಿಯ ರಾಜಾಸೀಟ್‌ನ ಫಲಪುಷ್ಪ ಪ್ರದರ್ಶನದ ಗಡಿಬಿಡಿ ಎಲ್ಲವೂ ಒಟ್ಟಿಗೆ ಬರುತ್ತವೆ. ಆ ತಿಂಗಳುಗಳಲ್ಲಿ ಹತ್ತು ಹೂವಿನಿಂದ ಇನ್ನೂರು ಹೂವಿನವರೆಗೆ ಮುಳ್ಳು ತೆಗೆಯಬೇಕಾದವರಿಗೆ ಇಲ್ಲಿರುವ ಕ್ರಮ ಉಪಯೋಗಕ್ಕೆ ಬಂದೀತು.

ಮುಳ್ಳು ಅಂಟಿಕೊಂಡಿರುವ ಬಗೆ

ಕೊಡಗಿನ ಕಿತ್ತಳೆ ಗಿಡದ ಮುಳ್ಳನ್ನು ಬೆರಳಿನಿಂದ ಮುರಿಯಲು ಹೋಗಿ ನೋಡಿ. ಬರುವುದಿಲ್ಲ. ನಿಂಬೆ, ಕಿತ್ತಳೆಯ ಮುಳ್ಳು ಎಂದರೆ ರೆಂಬೆಯೇ ರೂಪ ಬದಲಿಸಿಕೊಂಡದ್ದು. ಅದರೊಳಗೆ ನೀರು ಸಾಗಿಸುವ ನಾಳಗಳಿವೆ, ಅದು ಒಳಗಿನ ಕಟ್ಟಿಗೆಗೇ ಸೇರಿಕೊಂಡಿದೆ. ಗುಲಾಬಿಯದು ಹಾಗಲ್ಲ. ಅದು ಹೊರಸಿಪ್ಪೆಯಿಂದ ಎದ್ದ ಬೆಳವಣಿಗೆ. ಒಳಗೆ ನಾಳವಿಲ್ಲ, ಕಟ್ಟಿಗೆಯ ಸಂಪರ್ಕವಿಲ್ಲ. ಸರಿಯಾದ ದಿಕ್ಕಿನಲ್ಲಿ ಒತ್ತಿದರೆ ಚಟ್ಟನೆ ಕಳಚಿಕೊಳ್ಳುತ್ತದೆ, ಅದರ ಕೆಳಗಿನ ದಂಟಿಗೆ ಏನೂ ಆಗುವುದಿಲ್ಲ.

ಒಂದು ಮುಳ್ಳಿನ ಬುಡವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಬುಡ ಅಂಡಾಕಾರವಾಗಿದೆ, ದಂಟಿನ ಉದ್ದಕ್ಕೆ ಚಾಚಿಕೊಂಡಿದೆ, ಅಡ್ಡಕ್ಕೆ ಕಿರಿದು. ತುದಿ ಕೆಳಮುಖವಾಗಿ ಕೊಂಚ ಬಾಗಿದೆ. ಮೇಲಿನಿಂದ ಕೆಳಗೆ ಒತ್ತಿದರೆ ಉದ್ದನೆಯ ಬುಡ ಪೂರ್ತಿ ಪ್ರತಿರೋಧ ಕೊಡುತ್ತದೆ. ಮುರಿದರೂ ಕೆಳಗಿನ ಸಿಪ್ಪೆಯನ್ನು ಪಟ್ಟಿಯಂತೆ ಎಳೆದುಕೊಂಡು ಬರುತ್ತದೆ. ಪಕ್ಕಕ್ಕೆ ಒತ್ತಿದರೆ ಕಿರಿದಾದ ಕಡೆಯಿಂದ ಸುಲಭವಾಗಿ ಬಿಡುತ್ತದೆ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪಕ್ಕಕ್ಕೆ ಒತ್ತಬೇಕು, ಕೆಳಗೆ ಎಳೆಯಬಾರದು.

ಇಂಥ ಮುಳ್ಳು ಗುಲಾಬಿಯ ಸ್ವತ್ತೇನೂ ಅಲ್ಲ. ಬದನೆಯ ತೊಟ್ಟಿನ ಮೇಲೆ ಇರುವುದೂ ಇದೇ ಬಗೆಯದು. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು, ಬದನೆಯಲ್ಲೂ ಗುಲಾಬಿಯಲ್ಲೂ ಮುಳ್ಳು ಮೂಡಿಸುವುದರಲ್ಲಿ ಒಂದೇ ಕುಟುಂಬಕ್ಕೆ ಸೇರಿದ ಜೀನ್‌ಗಳ ಕೈವಾಡವಿದೆ ಎಂದು ತೋರಿಸಿತು. ಗುಲಾಬಿಯಲ್ಲಿ ಆ ಜೀನ್‌ನ ಕೆಲಸವನ್ನು ತಗ್ಗಿಸಿದಾಗ ಮುಳ್ಳೂ ಕಡಿಮೆಯಾಯಿತು. ಮುಳ್ಳಿಲ್ಲದ ಒಳ್ಳೆಯ ಗುಲಾಬಿ ನಮ್ಮ ನರ್ಸರಿಗಳಿಗೆ ಬರುವ ದಿನ ಬಂದೀತು. ಅಲ್ಲಿಯವರೆಗೆ ಹೆಬ್ಬೆರಳೇ ಗತಿ.

ಕೈಗೆ ಏನು ಬೇಕು

ಹತ್ತಿಯ ಕೈಗವಸು ದಂಡ. ಮುಳ್ಳು ನೇರ ಒಳಕ್ಕೆ ನುಗ್ಗುತ್ತದೆ. ತೆಳು ರಬ್ಬರಿನದೂ ಅಷ್ಟೆ. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗ್ ಕೆಲಸದವರಿಗೆಂದು ಮಾರುವ ಚರ್ಮದ ಕೈಗವಸು ಗಟ್ಟಿ, ಮಣಿಕಟ್ಟು ದಾಟಿ ಮೊಳಕೈಯತ್ತ ಬರುವುದರಿಂದ ಗಿಡದ ಒಳಗೆ ಕೈ ಹಾಕಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದನ್ನು ಹಾಕಿಕೊಂಡು ಒಂದೊಂದೇ ಮುಳ್ಳು ಮುರಿಯಲು ಆಗುವುದಿಲ್ಲ, ಬೆರಳಿಗೆ ಸೂಕ್ಷ್ಮ ಸಿಗುವುದಿಲ್ಲ. ಹಾಗಾಗಿ ಗಿಡದಿಂದ ಕತ್ತರಿಸುವಾಗ ಎರಡೂ ಕೈಗೆ ಹಾಕಿ. ಕುಳಿತು ಮುಳ್ಳು ತೆಗೆಯುವಾಗ ದಂಟು ಹಿಡಿಯುವ ಎಡಗೈಗೆ ಮಾತ್ರ ಸಾಕು.

ಕೈಗವಸು ಇಲ್ಲವೆಂದು ಕೆಲಸ ನಿಲ್ಲಿಸಬೇಕಾಗಿಲ್ಲ. ಕಾಫಿ, ಕರಿಮೆಣಸು ತುಂಬುವ ಗೋಣಿಚೀಲಕ್ಕೆ ಕೊಡಗಿನಲ್ಲಿ ಬರವೇ? ಹಳೆಯ ಚೀಲದ ತುಂಡೊಂದನ್ನು ನಾಲ್ಕು ಪದರ ಮಡಚಿ ಎಡಗೈಯಲ್ಲಿ ಹಿಡಿದರೆ ದಂಟು ಜಾರುವುದೂ ಇಲ್ಲ, ಮುಳ್ಳು ತಾಗುವುದೂ ಇಲ್ಲ. ಕೊಡವಿ, ಬಿಸಿಲಿಗೆ ಒಣಗಿಸಿದ ಚೀಲವಾಗಿರಲಿ. ಉಗ್ರಾಣದ ಮೂಲೆಯಲ್ಲಿ ಬಿದ್ದಿದ್ದರಲ್ಲಿ ಚೇಳು ಇದ್ದರೆ ಮುಳ್ಳಿನ ಚಿಂತೆ ಮರೆತುಹೋಗುತ್ತದೆ.

ಇನ್ನು ಬೇಕಾದದ್ದು ಹರಿತವಾದ ಗಿಡ ಕತ್ತರಿ, ಉಗುರು ಕತ್ತರಿಸುವ ನೇಲ್ ಕಟರ್, ಒಂದು ಬಕೆಟ್ ಶುದ್ಧ ನೀರು, ನೆಲಕ್ಕೆ ಹಾಸಲು ಹಳೆಯ ದಿನಪತ್ರಿಕೆ. ಕನ್ನಡಕ ಹಾಕುವವರು ತೆಗೆಯಬೇಡಿ. ಹಾಕದವರು ಬೈಕ್‌ಗೆಂದು ಇಟ್ಟುಕೊಂಡ ಸಾದಾ ಕನ್ನಡಕವನ್ನಾದರೂ ಹಾಕಿಕೊಳ್ಳಿ. ಪಕ್ಕಕ್ಕೆ ಒತ್ತಿದ ಮುಳ್ಳು ಎತ್ತ ಹಾರುತ್ತದೆ ಎಂದು ಹೇಳಲಾಗದು. ತೋಳು ತುಂಬ ಬಟ್ಟೆ ಇರಲಿ, ಕಾಲಿಗೆ ಚಪ್ಪಲಿ ಇರಲಿ.

ಮುಳ್ಳು ಸುಲಿಯುವ ಪ್ಲಾಸ್ಟಿಕ್ ಅಥವಾ ಲೋಹದ ಇಕ್ಕಳ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಹತ್ತಿಪ್ಪತ್ತು ಹೂವಿಗೆ ಅದರ ಅಗತ್ಯವಿಲ್ಲ. ಅಡುಗೆಮನೆಯ ಚಾಕುವನ್ನಂತೂ ಈ ಕೆಲಸಕ್ಕೆ ತರಲೇಬೇಡಿ.

ಹೂವು ಕತ್ತರಿಸುವುದು

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಕತ್ತರಿಸಿ. ಮೊಗ್ಗಿನ ಕೆಳಗಿನ ಹಸಿರು ದಳಗಳು ಹಿಂದಕ್ಕೆ ಮಡಚಿಕೊಂಡು, ಹೊರಗಿನ ಒಂದೆರಡು ಎಸಳು ಬಿಡಿಸಿಕೊಳ್ಳುತ್ತಿರುವ ಹಂತ ಸರಿಯಾದದ್ದು. ಪೂರ್ತಿ ಬಿಗಿದ ಮೊಗ್ಗು ಕತ್ತರಿಸಿದರೆ ಅರಳದೆಯೇ ಬಾಡಬಹುದು.

ಎಲ್ಲಿ ಕತ್ತರಿಸಬೇಕು? ಐದು ಚಿಕ್ಕ ಎಲೆಗಳಿರುವ ಎಲೆ ಮತ್ತು ದಂಟು ಸೇರುವ ಗೆಣ್ಣನ್ನು ಹುಡುಕಿ. ಆ ಗೆಣ್ಣಿನ ಕಣ್ಣು, ಅಂದರೆ ಚಿಗುರು ಒಡೆಯುವ ಪುಟ್ಟ ಮೊಗ್ಗು, ಗಿಡದ ಹೊರಮುಖಕ್ಕಿದ್ದರೆ ಅದರ ಮೇಲೆ ಅರ್ಧ ಸೆಂಟಿಮೀಟರಿನಷ್ಟು ಬಿಟ್ಟು ಓರೆಯಾಗಿ ಕತ್ತರಿಸಿ. ಮುಂದಿನ ಚಿಗುರು ಅಲ್ಲಿಂದ ಹೊರಗಡೆಗೆ ಬರುತ್ತದೆ; ನಡುವೆ ದಟ್ಟವಾಗಿ ಹೆಣೆದುಕೊಳ್ಳದ ಗಿಡದಲ್ಲಿ ಮುಂದಿನ ಸಲ ಕೈ ಹಾಕುವುದೂ ಸುಲಭ. ಕತ್ತರಿಸಿದ ಕೂಡಲೇ ದಂಟನ್ನು ಬಕೆಟ್ ನೀರಿಗೆ ಇಳಿಸಿ. ತೋಳಿನ ಮೇಲೆ ಅಡ್ಡಲಾಗಿ ಹೂವು ಪೇರಿಸಿಕೊಂಡು ನಡೆಯುವ ಚಂದ ಕ್ಯಾಲೆಂಡರಿನ ಚಿತ್ರಕ್ಕೆ ಇರಲಿ.

ಮಳೆಗಾಲದಲ್ಲಿ ಸಾಧ್ಯವಾದಷ್ಟು ಕತ್ತರಿಸಬೇಡಿ. ಕೈ ನೆನೆದಾಗ ಚರ್ಮ ಮೆತ್ತಗಾಗಿರುತ್ತದೆ, ದಂಟು ಜಾರುತ್ತದೆ, ಮುಳ್ಳು ಆಳಕ್ಕೆ ಇಳಿಯುತ್ತದೆ. ಜೊತೆಗೆ ಕಾಲಿಗೆ ಹತ್ತುವ ಜಿಗಣೆಯನ್ನು ತಟ್ಟಲು ಬಗ್ಗಿದಾಗ ಮುಖಕ್ಕೆ ಮುಳ್ಳಿನ ರೆಂಬೆ ಬಡಿಯುವುದು ಇಲ್ಲಿನವರಿಗೆ ಹೊಸದಲ್ಲ.

ಮುಳ್ಳು ತೆಗೆಯುವುದು

ಬಕೆಟ್‌ನಲ್ಲಿ ಹೂವು ಒಂದೆರಡು ಗಂಟೆ ನೀರು ಕುಡಿಯಲಿ. ನೀರುಂಡ ದಂಟಿನಿಂದ ಮುಳ್ಳು ಶುದ್ಧವಾಗಿ ಬಿಡುತ್ತದೆ. ಬಾಡಿದ ದಂಟಿನಿಂದ ತೆಗೆಯಲು ಹೋದರೆ ಸಿಪ್ಪೆ ಕಿತ್ತುಬರುತ್ತದೆ. ಬೆಂಗಳೂರಿನ ಕಡೆಯಿಂದ ಇಪ್ಪತ್ತರ ಕಟ್ಟಿನಲ್ಲಿ ಬರುವ ಡಚ್ ಗುಲಾಬಿಗೆ ಇದು ಇನ್ನೂ ಮುಖ್ಯ. ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಹೂವಿನ ಕಟ್ಟನ್ನು ಬಿಚ್ಚಿದ ತಕ್ಷಣ ಮುಳ್ಳಿಗೆ ಕೈ ಹಾಕಬೇಡಿ. ಮೊದಲು ಬುಡವನ್ನು ಎರಡು ಸೆಂಟಿಮೀಟರ್ ಕತ್ತರಿಸಿ, ಎಸಳಿಗೆ ನೀರು ತಾಗದಂತೆ ಆಳದ ನೀರಿನಲ್ಲಿ ನಿಲ್ಲಿಸಿ, ಕಾಗದದ ಸುತ್ತನ್ನು ಹಾಗೇ ಬಿಟ್ಟು ತಂಪಿನಲ್ಲಿಡಿ. ಕಾಫಿ ಕುಡಿದು ಬನ್ನಿ. ಸಾಧ್ಯವಿದ್ದರೆ ಊಟವನ್ನೂ ಮಾಡಿ ಬನ್ನಿ.

ಈಗ ಒಂದು ಹೂವನ್ನು ಎತ್ತಿಕೊಂಡು ದಂಟನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ. ನೀರಿನಲ್ಲಿ ಮುಳುಗುವ ಪಾಲು, ಕೈಯಲ್ಲಿ ಹಿಡಿಯುವ ಅಥವಾ ದಾರ ಸುತ್ತುವ ಪಾಲು, ಹೂವಿನ ಕೆಳಗಿನ ಪಾಲು. ನೀರಿನಲ್ಲಿ ಮುಳುಗುವ ಭಾಗದ ಎಲೆಗಳೆಲ್ಲ ಹೋಗಬೇಕು. ಕೊಳೆತು ನೀರು ಕೆಡಿಸುತ್ತವೆ. ಅಲ್ಲಿನ ಮುಳ್ಳುಗಳಲ್ಲಿ ಪಕ್ಕದ ದಂಟಿಗೆ ಸಿಕ್ಕಿಹಾಕಿಕೊಳ್ಳುವ ದೊಡ್ಡವು ಮಾತ್ರ ಹೋದರೆ ಸಾಕು. ಹಿಡಿಯುವ ಜಾಗದಲ್ಲಿ ಒಂದೂ ಉಳಿಯಬಾರದು. ಹೂವಿನ ಕೆಳಗಿನ ಪಾಲಿನಲ್ಲಿ ಹಾಗೇ ಬಿಡಿ, ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ. ಕೂಡಿಟ್ಟು ನೋಡಿದರೆ ಅರ್ಧದಷ್ಟು ಮುಳ್ಳೂ ತೆಗೆಯಬೇಕಾಗಿಲ್ಲ. ಕೆಲಸವೂ ಅರ್ಧ, ಗಾಯವೂ ಅರ್ಧ.

ಎಡಗೈಯಲ್ಲಿ ಗೋಣಿಯ ತುಂಡು ಅಥವಾ ಕೈಗವಸಿನ ಮೂಲಕ ದಂಟನ್ನು ಹಿಡಿಯಿರಿ, ಹೂವು ನಿಮ್ಮಿಂದ ಆಚೆಗೆ ಇರಲಿ. ಬಲಗೈಯ ಹೆಬ್ಬೆರಳಿನ ಮೃದು ಭಾಗವನ್ನು ಮುಳ್ಳಿನ ಚಪ್ಪಟೆ ಪಕ್ಕಕ್ಕೆ ಇಡಿ. ತುದಿಗೆ ಬೆರಳು ತಾಗಬಾರದು, ಬುಡಕ್ಕೆ ಎಷ್ಟು ಹತ್ತಿರವಾದರೆ ಅಷ್ಟು ಒಳ್ಳೆಯದು. ಈಗ ಅಡ್ಡಕ್ಕೆ, ನಿಮ್ಮ ಮೈಯಿಂದ ದೂರಕ್ಕೆ, ಒಂದೇ ಸಲ ಒತ್ತಿ. ಬಿಟ್ಟಾಗ ಚಿಕ್ಕ ಸದ್ದು ಕೇಳಿಸುತ್ತದೆ. ಮುಳ್ಳು ಇದ್ದ ಜಾಗದಲ್ಲಿ ತಿಳಿ ಹಸಿರಿನ, ಒಣಗಿದಂತಿರುವ ಅಂಡಾಕಾರದ ಗುರುತು ಉಳಿದರೆ ಕೆಲಸ ಸರಿಯಾಗಿದೆ. ಗುರುತಿನಿಂದ ನೀರು ಒಸರಿದರೆ, ಸಿಪ್ಪೆಯ ಎಳೆ ನೇತಾಡಿದರೆ ಕೆಳಕ್ಕೆ ಒತ್ತಿದ್ದೀರಿ ಎಂದರ್ಥ.

ಕೆಲವು ಮುಳ್ಳು ಬಗ್ಗುತ್ತವೆಯೇ ಹೊರತು ಮುರಿಯುವುದಿಲ್ಲ. ಅವು ಎಳೆಯವು, ಬಣ್ಣ ಕೆಂಪಗಿರುತ್ತದೆ. ಬಲ ಹಾಕಬೇಡಿ. ನೇಲ್ ಕಟರ್‌ನಿಂದ ತುದಿಯನ್ನಷ್ಟೇ ಚಿವುಟಿಬಿಡಿ. ಮೊನೆ ಹೋದ ಮುಳ್ಳು ಯಾರಿಗೂ ಏನೂ ಮಾಡದು, ದಂಟಿಗೂ ಗಾಯವಿಲ್ಲ. ಹೆಬ್ಬೆರಳಿನ ಮೇಲೆ ನಂಬಿಕೆಯಿಲ್ಲದವರು, ಮಕ್ಕಳನ್ನು ಜೊತೆಗೆ ಕೂರಿಸಿಕೊಂಡವರು ಎಲ್ಲ ಮುಳ್ಳಿಗೂ ಇದೇ ದಾರಿ ಹಿಡಿಯಬಹುದು. ಹೊತ್ತು ಹೆಚ್ಚು ಬೇಕು ಅಷ್ಟೆ.

ಮುಳ್ಳೆಲ್ಲ ತೆಗೆದ ಮೇಲೂ ಕೈಗೆ ಚುಚ್ಚುತ್ತಿದ್ದರೆ ಎಲೆಯ ಕೆಳಗೆ ನೋಡಿ. ಐದು ಚಿಕ್ಕ ಎಲೆಗಳನ್ನು ಹೊತ್ತ ನಡುದಂಟಿನ ಅಡಿಯಲ್ಲಿ ಕೊಕ್ಕೆಯಂತೆ ಬಾಗಿದ ಪುಟ್ಟ ಮುಳ್ಳುಗಳ ಸಾಲೇ ಇರುತ್ತದೆ. ಮೇಲಿನಿಂದ ಕಾಣುವುದಿಲ್ಲ. ರೇಷ್ಮೆ ಸೀರೆಯ ಸೆರಗು ಹಿಡಿದು ಎಳೆಯುವುದು ಹೆಚ್ಚಾಗಿ ಇವೇ. ಹಿಡಿಯುವ ಜಾಗದ ಎಲೆಯನ್ನು ಪೂರ್ತಿ ತೆಗೆಯುವುದೇ ಇದಕ್ಕೆ ಪರಿಹಾರ. ಎಲೆಯ ತೊಟ್ಟನ್ನು ಬುಡದಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿದರೆ ಬಿಡುತ್ತದೆ, ಇಲ್ಲವೇ ಕತ್ತರಿಯಿಂದ ಕತ್ತರಿಸಿ.

ಇಕ್ಕಳ ಬಳಸುವವರಿಗೆ

ನೂರಾರು ಹೂವು ಇದ್ದಾಗ ಬೆರಳು ಸೋಲುತ್ತದೆ, ಇಕ್ಕಳ ಬೇಕಾಗುತ್ತದೆ. ದಂಟಿನ ನಡುವಿನಲ್ಲಿ ಇಕ್ಕಳವನ್ನು ಸಡಿಲವಾಗಿ ಮುಚ್ಚಿ, ಬುಡದ ಕಡೆಗೆ ಒಂದೇ ಎಳೆತಕ್ಕೆ ಎಳೆಯಿರಿ. ಹಿಸುಕಬೇಡಿ. ಒಂದೇ ಸಲಕ್ಕೆ ಹೋಗದ ಮುಳ್ಳನ್ನು ಬೆರಳಿನಿಂದ ತೆಗೆಯಿರಿ. ಮತ್ತೆ ಮತ್ತೆ ಎಳೆದರೆ ಸಿಪ್ಪೆ ಉಳಿಯುವುದಿಲ್ಲ. ಲೋಹದ ಹಲ್ಲಿರುವ ಇಕ್ಕಳಕ್ಕಿಂತ ರಬ್ಬರಿನ ಅಥವಾ ಮೆದು ಪ್ಲಾಸ್ಟಿಕ್ಕಿನ ಹಲ್ಲಿನದು ವಾಸಿ. ಕೆಳಗೆ ಎಳೆಯಬಾರದು ಎಂದು ಮೇಲೆ ಹೇಳಿ ಇಲ್ಲಿ ಎಳೆಯಲು ಹೇಳುತ್ತಿದ್ದೇನಲ್ಲ ಎಂದು ಕೇಳುವವರಿಗೆ: ಹೌದು, ಅದಕ್ಕಾಗಿಯೇ ಇಕ್ಕಳದಿಂದ ಸುಲಿದ ಹೂವು ಸ್ವಲ್ಪ ಬೇಗ ಬಾಡುತ್ತದೆ. ಸಂಜೆಯ ಸಮಾರಂಭಕ್ಕೆ ಅದು ನಡೆಯುತ್ತದೆ. ವಾರವಿಡೀ ಊಟದ ಮೇಜಿನ ಮೇಲೆ ನಿಲ್ಲಬೇಕಾದ ಹೂವಿಗೆ ನಡೆಯುವುದಿಲ್ಲ.

ಮುಳ್ಳು ತೆಗೆದ ಮೇಲೆ ನೀರಿನ ವಿಷಯ

ಮುಳ್ಳು ಬಿಟ್ಟ ಪ್ರತಿ ಗುರುತೂ ಬ್ಯಾಕ್ಟೀರಿಯಾಕ್ಕೆ ಒಂದು ಬಾಗಿಲು. ನೀರಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದರೆ ದಂಟಿನ ನಾಳ ಕಟ್ಟಿಕೊಳ್ಳುತ್ತದೆ, ನೀರು ಮೇಲೇರುವುದಿಲ್ಲ, ಹೂವು ನೀರಿನಲ್ಲಿ ನಿಂತೇ ಬಾಯಾರಿ ಸಾಯುತ್ತದೆ. ಹೂದಾನಿಯನ್ನು ಸೋಪು ಹಾಕಿ ತೊಳೆಯಿರಿ. ದಂಟಿನ ಬುಡವನ್ನು ಬಟ್ಟಲು ನೀರಿನೊಳಗೆ ಮುಳುಗಿಸಿ ಹಿಡಿದು ಇನ್ನೊಮ್ಮೆ ಓರೆಯಾಗಿ ಕತ್ತರಿಸಿ; ಗಾಳಿಯಲ್ಲಿ ಕತ್ತರಿಸಿದರೆ ನಾಳದೊಳಗೆ ಗಾಳಿಯ ಗುಳ್ಳೆ ಸೇರಿಕೊಂಡು ಅದೂ ನೀರನ್ನು ತಡೆಯುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ ಹಾಕಬಹುದು. ಸಕ್ಕರೆ ಹೂವಿಗೆ ಆಹಾರ, ಆದರೆ ಬ್ಯಾಕ್ಟೀರಿಯಾಕ್ಕೂ ಅದೇ ಆಹಾರ. ಆದ್ದರಿಂದ ಸಕ್ಕರೆ ಹಾಕಿದವರು ದಿನವೂ ನೀರು ಬದಲಿಸಲೇಬೇಕು. ಅದು ಆಗದವರು ಬರೀ ನೀರು ಇಡಿ. ಹುಳಿಯೇ ತಾನೆ ಎಂದು ನಿಂಬೆಯ ಬದಲು ಕೊಡಗಿನ ಅಡುಗೆಯ ಕಪ್ಪು ಹುಳಿಯಾದ ಕಾಚಂಪುಳಿ ಸುರಿಯಬಹುದೇ ಎಂದು ಕೇಳುವವರಿದ್ದಾರೆ. ಅದು ಪಂದಿ ಕರಿಗೆ ಇರಲಿ.

ಮೊದಲೆರಡು ಗಂಟೆ ಹೂವು ತಂಪಾದ ಮಬ್ಬು ಕೋಣೆಯಲ್ಲಿರಲಿ. ಬಾಳೆಗೊನೆ ಹಣ್ಣಿಗೆ ಇಟ್ಟ ಕೋಣೆ ಮಾತ್ರ ಬೇಡ, ಹಣ್ಣಿನಿಂದ ಬರುವ ಎಥಿಲೀನ್ ಗಾಳಿಗೆ ಎಸಳು ಬೇಗ ಉದುರುತ್ತದೆ.

ಮುಡಿಯುವ ಹೂವು, ಹಾರದ ಹೂವು

ಬಟನ್ ಗುಲಾಬಿ, ಪನ್ನೀರು ಗುಲಾಬಿಯನ್ನು ಗಿಡ್ಡ ತೊಟ್ಟಿನೊಂದಿಗೆ ಕೀಳುವುದರಿಂದ ಕೆಲಸ ಸಣ್ಣದು. ಹೂವಿನ ಕತ್ತಿನ ಕೆಳಗೆ ಕೂದಲಿನಷ್ಟು ತೆಳುವಾದ ಮುಳ್ಳುಗಳಿರುತ್ತವೆ. ಒರಟು ಬಟ್ಟೆಯ ತುಂಡಿನಲ್ಲಿ ತೊಟ್ಟನ್ನು ಹಿಡಿದು ಒಮ್ಮೆ ತಿರುಚಿದರೆ ಅವು ಉದುರುತ್ತವೆ. ಮಗುವಿನ ಜಡೆಗೆ ಮುಡಿಸುವ ಹೂವಾದರೆ ತೊಟ್ಟನ್ನು ನಿಮ್ಮ ಕುತ್ತಿಗೆಯ ಹಿಂಭಾಗಕ್ಕೆ ಸವರಿ ನೋಡಿ. ಬೆರಳಿಗೆ ತಿಳಿಯದ ಮುಳ್ಳು ಅಲ್ಲಿ ತಿಳಿಯುತ್ತದೆ. ಹಾರ ಕಟ್ಟುವವರು ದಾರ ಸುತ್ತುವ ಅರ್ಧ ಅಂಗುಲ ಶುದ್ಧವಾಗಿದೆಯೇ ಎಂದು ನೋಡಿಕೊಂಡರೆ ಸಾಕು.

ಗಿಡದಲ್ಲಿರುವ ಮುಳ್ಳು

ಓಡಾಡುವ ದಾರಿಗೆ ಚಾಚಿದ ಗುಲಾಬಿಯ ಮುಳ್ಳನ್ನೆಲ್ಲ ಮುರಿದುಹಾಕಿದರೆ ಹೇಗೆ ಎಂಬ ಯೋಚನೆ ಹಲವರಿಗೆ ಬರುತ್ತದೆ. ಕೊಡಗಿನಲ್ಲಂತೂ ಅದನ್ನು ಮಾಡಬೇಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ತಿಂಗಳುಗಟ್ಟಲೆ ಒದ್ದೆಯಾಗಿರುವ ಗಿಡಕ್ಕೆ ಮಾಡಿದ ಪ್ರತಿ ಗಾಯದಲ್ಲೂ ಶಿಲೀಂಧ್ರ ಸೇರಿಕೊಳ್ಳುತ್ತದೆ. ರೆಂಬೆ ತುದಿಯಿಂದ ಕಪ್ಪಾಗುತ್ತಾ ಕೆಳಗಿಳಿಯುವ ಒಣಗು ರೋಗ ಹೀಗೇ ಶುರುವಾಗುವುದು. ಮಳೆ ಅದರ ಅರ್ಧವೂ ಇಲ್ಲದ ಕುಶಾಲನಗರದ ಕಡೆಯವರಿಗೆ ಭಯ ಕಡಿಮೆ, ಆದರೂ ಲಾಭವೇನಿಲ್ಲ. ಮುರಿದ ಜಾಗದಲ್ಲಿ ಮುಳ್ಳು ಮತ್ತೆ ಬೆಳೆಯುವುದಿಲ್ಲ ನಿಜ, ಆದರೆ ಹೊಸ ಚಿಗುರೆಲ್ಲ ಹೊಸ ಮುಳ್ಳು ಹೊತ್ತೇ ಬರುತ್ತದೆ.

ಬಾಗಿಲ ಬಳಿಯ ಒಂದೆರಡು ರೆಂಬೆಯಲ್ಲಿ ಮಾತ್ರ, ಒಣಹವೆಯ ದಿನ ನೋಡಿ, ಮೊನೆಗಳನ್ನು ನೇಲ್ ಕಟರ್‌ನಿಂದ ಚಿವುಟಿ. ಉಳಿದದ್ದಕ್ಕೆ ಗೂಟ ನೆಟ್ಟು, ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ ರೆಂಬೆಯನ್ನು ದಾರಿಯಿಂದ ಆಚೆ ತಿರುಗಿಸಿ. ಮಳೆ ನಿಂತು ಬಿಸಿಲು ಕಾಣುವ ಅಕ್ಟೋಬರ್ ಹೊತ್ತಿಗೆ ಗಿಡ ಸವರುವಾಗ ತೊಂದರೆ ಕೊಡುವ ರೆಂಬೆಯನ್ನು ಬುಡದಿಂದಲೇ ತೆಗೆಯಿರಿ.

ಸವರಿದ ತುದಿಗಳಿಗೆ ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮು ಹಚ್ಚಬೇಕು. ಕಾಫಿಗೂ ಮೆಣಸಿನ ಬಳ್ಳಿಗೂ ಬೋರ್ಡೋ ದ್ರಾವಣ ಹೊಡೆಯುವ ಜಿಲ್ಲೆಯಲ್ಲಿ ಮೈಲುತುತ್ತ, ಸುಣ್ಣ ಎರಡೂ ತೋಟದ ಮನೆಯಲ್ಲಿ ಇದ್ದೇ ಇರುತ್ತವೆ. ಮೈಲುತುತ್ತ 100 ಗ್ರಾಂ ಅರ್ಧ ಲೀಟರ್ ನೀರಿನಲ್ಲಿ, ಸುಣ್ಣ 100 ಗ್ರಾಂ ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಆಮೇಲೆ ಕೂಡಿಸಿ. ಪ್ಲಾಸ್ಟಿಕ್ ಬಕೆಟ್ ಇರಲಿ. ಕಬ್ಬಿಣದ ಪಾತ್ರೆಯನ್ನು ಮೈಲುತುತ್ತ ತಿನ್ನುತ್ತದೆ. ಹಳೆಯ ಬಣ್ಣದ ಬ್ರಷ್‌ನಿಂದ ತುದಿಗಳಿಗೆ ಹಚ್ಚಿ, ಅಂದಂದಿಗೆ ಬೇಕಾದಷ್ಟನ್ನು ಅಂದೇ ಮಾಡಿಕೊಳ್ಳಿ. ಇದು ವಿಷ. ಕೈಗವಸು ಹಾಕಿ, ಮಕ್ಕಳಿಂದ ದೂರವಿಡಿ.

ಒಂದು ಗಿಡದ ಕಣ್ಣನ್ನು ಇನ್ನೊಂದಕ್ಕೆ ಕೂಡಿಸಿ ಕಣ್ಣು ಕಸಿ ಮಾಡುವವರಿಗೆ ಮುಳ್ಳು ಬೇರೊಂದು ಉಪಕಾರ ಮಾಡುತ್ತದೆ. ಕಣ್ಣು ತೆಗೆಯಬೇಕೆಂದಿರುವ ರೆಂಬೆಯ ಒಂದು ಮುಳ್ಳನ್ನು ಪಕ್ಕಕ್ಕೆ ಒತ್ತಿ. ಶುದ್ಧವಾಗಿ ಕಳಚಿದರೆ ರೆಂಬೆ ಬಲಿತಿದೆ, ಕಣ್ಣು ಕಸಿಗೆ ಹದವಾಗಿದೆ. ಬಗ್ಗಿ ಸಿಪ್ಪೆ ಎಳೆದುಕೊಂಡರೆ ಇನ್ನೂ ಎಳೆಯದು. ನೆಂಟರ ಮನೆಯಿಂದ ತಂದ ರೆಂಬೆಯನ್ನು ಜೂನ್ ಮಳೆಗೆ ನೆಲಕ್ಕೆ ಊರುವವರೂ ಇದೇ ಪರೀಕ್ಷೆ ಮಾಡಬಹುದು. ಊರುವ ರೆಂಬೆಯಲ್ಲಿ ಮಣ್ಣಿನೊಳಗೆ ಹೋಗುವ ಭಾಗದ ಮುಳ್ಳು ತೆಗೆದರೆ ಸಾಕು.

ಚುಚ್ಚಿದರೆ

ಎಷ್ಟೇ ಜಾಗ್ರತೆ ಮಾಡಿದರೂ ಒಂದಲ್ಲ ಒಂದು ದಿನ ಚುಚ್ಚುತ್ತದೆ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಮುರಿದ ತುದಿ ಒಳಗೆ ಉಳಿದಿದ್ದರೆ, ಸ್ಪಿರಿಟ್‌ನಿಂದ ಒರೆಸಿದ ಚಿಮುಟದಲ್ಲಿ ಅದು ಒಳಹೋದ ದಿಕ್ಕಿಗೇ ಹಿಡಿದು ಹೊರಗೆಳೆಯಿರಿ. ಹಿಂಡಬೇಡಿ, ಹಿಂಡಿದರೆ ಚೂರಾಗುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆ ರಾಜಕಾರಣಕ್ಕೆ ಸರಿ, ಬೆರಳಿಗೆ ಸರಿಯಲ್ಲ. ಎಕ್ಕದ ಹಾಲು ಹಚ್ಚುವ ರೂಢಿ ಇನ್ನೂ ಇದೆ. ಅದು ಚರ್ಮವನ್ನು ಸುಡುತ್ತದೆ, ಆ ಕೈ ಕಣ್ಣಿಗೆ ಹೋದರೆ ದೃಷ್ಟಿಗೇ ಅಪಾಯ.

ಮಣ್ಣು, ಗೊಬ್ಬರ ತಾಗಿದ ಮುಳ್ಳು ಆಳಕ್ಕೆ ಚುಚ್ಚಿದ್ದರೆ ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿ. ಐದು ವರ್ಷ ಮೀರಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಬೆರಳಿನ ಗೆಣ್ಣಿಗೆ ಚುಚ್ಚಿ ಗೆಣ್ಣು ಊದಿಕೊಂಡು ಮಡಚಲು ಆಗದಿದ್ದರೆ, ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರು ಇದಾವುದಕ್ಕೂ ಕಾಯದೆ ಮೊದಲೇ ತೋರಿಸಿಕೊಳ್ಳಲಿ. ಮುಳ್ಳಿನ ಚೂರು ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಸ್ಕ್ಯಾನಿಂಗ್‌ನಲ್ಲಿ ಕಾಣುವ ಸಾಧ್ಯತೆ ಹೆಚ್ಚು.

ಇನ್ನೊಂದು ಕಾಯಿಲೆಯ ಹೆಸರು ಗುಲಾಬಿ ಬೆಳೆಸುವವರಿಗೆ ಗೊತ್ತಿರಬೇಕು: ಸ್ಪೋರೋಟ್ರೈಕೋಸಿಸ್. ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಪಾಚಿಯಲ್ಲಿ ಇರುವ ಶಿಲೀಂಧ್ರವೊಂದು ಮುಳ್ಳಿನ ಗಾಯದ ಮೂಲಕ ಚರ್ಮದೊಳಗೆ ಸೇರುತ್ತದೆ. ಚುಚ್ಚಿದ್ದು ಮರೆತೇಹೋಗಿರುತ್ತದೆ; ಕೆಲವು ವಾರ ಕಳೆದು ಆ ಜಾಗದಲ್ಲಿ ನೋವಿಲ್ಲದ ಕೆಂಪು ಗಂಟು ಏಳುತ್ತದೆ, ಒಡೆದು ಹುಣ್ಣಾಗುತ್ತದೆ, ಆಮೇಲೆ ಕೈಯ ಮೇಲಕ್ಕೆ ಸಾಲಾಗಿ ಇನ್ನಷ್ಟು ಗಂಟುಗಳು ಬರಬಹುದು. ಮಾಮೂಲಿ ಆಂಟಿಬಯೋಟಿಕ್‌ಗೆ ಇದು ಬಗ್ಗುವುದಿಲ್ಲ, ಶಿಲೀಂಧ್ರಕ್ಕೆಂದೇ ಇರುವ ಔಷಧಿಯನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ವೈದ್ಯರ ಮುಂದೆ ಕೂತಾಗ ‘ಗುಲಾಬಿ ಗಿಡದಲ್ಲಿ ಕೆಲಸ ಮಾಡುತ್ತೇನೆ, ಮುಳ್ಳು ಚುಚ್ಚಿತ್ತು’ ಎಂದು ನೀವೇ ಹೇಳಿ.

ಕಣ್ಣಿಗೆ ಮುಳ್ಳು ಅಥವಾ ಎಲೆ ತಾಗಿದರೆ ಉಜ್ಜಬೇಡಿ. ಹರಳೆಣ್ಣೆ, ಎದೆಹಾಲು, ಮನೆಯಲ್ಲಿ ಉಳಿದಿರುವ ಯಾವುದೋ ಹಳೆಯ ಕಣ್ಣಿನ ಹನಿ ಏನನ್ನೂ ಹಾಕಬೇಡಿ. ಗಿಡದಿಂದಾದ ಗಾಯದಲ್ಲಿ ಕಣ್ಣಿನ ಕಪ್ಪು ಗುಡ್ಡೆಗೆ ಶಿಲೀಂಧ್ರ ಹಿಡಿಯುವುದು ದಕ್ಷಿಣ ಭಾರತದಲ್ಲಿ ಅಪರೂಪವಲ್ಲ, ಸ್ಟೀರಾಯ್ಡ್ ಇರುವ ಹನಿ ಅದನ್ನು ಇನ್ನಷ್ಟು ಕೆಡಿಸುತ್ತದೆ. ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಿ.

ಉದುರಿದ ಮುಳ್ಳು

ಹಾಸಿದ ದಿನಪತ್ರಿಕೆಯನ್ನು ನಾಲ್ಕೂ ಮೂಲೆ ಸೇರಿಸಿ ಎತ್ತಿ, ಹಾಗೇ ಸುತ್ತಿ ಒಲೆಗೆ ಹಾಕಿ. ನೆಲವನ್ನು ಗುಡಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಬರಿಗಾಲಲ್ಲಿ ಓಡಾಡುವ ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬೇಡಿ. ಕಾಫಿ ಒಣಗಿಸುವ ಕಣದ ಹತ್ತಿರ ಈ ಕೆಲಸ ಬೇಡವೇ ಬೇಡ. ಕಾಫಿ ಹರವುವವರ ಕಾಲಿಗೂ ಕೈಗೂ ಆ ಮುಳ್ಳು ಸಿಗುತ್ತದೆ.

ಸವರಿದ ಮುಳ್ಳಿನ ರೆಂಬೆಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಅವು ಬೇಗ ಕೊಳೆಯುವುದಿಲ್ಲ. ಮುಂದಿನ ವರ್ಷ ಗೊಬ್ಬರ ತೋಡುವಾಗ ಕೈಗೆ ಸಿಗುತ್ತವೆ. ಕಪ್ಪು ಚುಕ್ಕೆ ರೋಗ ಇದ್ದ ಗಿಡದ್ದಾದರೆ ಸುಟ್ಟುಹಾಕಿ. ರೋಗವಿಲ್ಲದ ಒಣ ರೆಂಬೆಗಳನ್ನು ಹೊಸದಾಗಿ ಬಿತ್ತಿದ ಕೊತ್ತಂಬರಿ, ಹರಿವೆ ಮಡಿಯ ಮೇಲೆ ಅಡ್ಡಡ್ಡ ಹರಡಿದರೆ ಕೋಳಿ ಕೆದಕುವುದು ನಿಲ್ಲುತ್ತದೆ. ಪೈರು ಎರಡು ಅಂಗುಲ ಬಂದ ಮೇಲೆ ರೆಂಬೆಗಳನ್ನು ಕೋಲಿನಿಂದ ಎತ್ತಿ ಆಚೆ ಹಾಕಿ, ಕೈಯಿಂದ ಬೇಡ.